ಕ್ಯಾಮರಾದ ಮುಂದೆ ಕುಳಿತವರು



ವಿದ್ಯಾರ್ಥಿವೇತನದ ಅರ್ಜಿಯಾಗಲಿ, ಪರೀಕ್ಷೆಯ ಪ್ರವೇಶಪತ್ರವಾಗಲಿ, ಮೊದಲ ಪುಟದ ಮೂಲೆಯಲ್ಲಿ ಒಂದು ಚಿಕ್ಕ ಚೌಕವಿರುತ್ತದೆ. ಇತ್ತೀಚಿನ ಭಾವಚಿತ್ರವನ್ನು ಇಲ್ಲಿ ಅಂಟಿಸಿ ಎಂದು ಅದರೊಳಗೆ ಬರೆದಿರುತ್ತದೆ. ನಾವು ಹೆಚ್ಚು ಯೋಚಿಸದೆ ಅಂಟಿಸಿಬಿಡುತ್ತೇವೆ. ನಮ್ಮ ಹಿರಿಯರ ಕಾಲ ಹೀಗಿರಲಿಲ್ಲ. ಹಜ್ ಯಾತ್ರೆಯ ಪಾಸ್‌ಪೋರ್ಟಿಗಾಗಿ ತೆಗೆಸಿದ ಫೋಟೊವೇ ಅವರಲ್ಲಿ ಎಷ್ಟೋ ಮಂದಿಗೆ ಜೀವಮಾನದ ಮೊದಲನೆಯದೂ ಕೊನೆಯದೂ ಆಗಿತ್ತು. ಅದಕ್ಕಿಂತ ಒಂದು ತಲೆಮಾರು ಹಿಂದಕ್ಕೆ ಹೋದರೆ ಮುಖವೇ ಇಲ್ಲ. ಮುತ್ತಜ್ಜ ಹೇಗಿದ್ದರು ಎಂದು ಮಕ್ಕಳು ಕೇಳಿದರೆ 'ಎತ್ತರದ ಆಳಂತೆ, ಬಿಳಿ ಗಡ್ಡವಿತ್ತಂತೆ' ಎನ್ನುವಷ್ಟಕ್ಕೆ ಮಾತು ಮುಗಿಯುತ್ತದೆ.

ಟಿಪ್ಪು ಸುಲ್ತಾನರ ಚಿತ್ರವನ್ನು ನೀವೆಲ್ಲರೂ ಕಂಡಿದ್ದೀರಿ. ಅದು ಫೋಟೊ ಅಲ್ಲವೆಂಬುದು ಕೆಲವು ಮಕ್ಕಳಿಗೆ ಈಗಲೂ ಆಶ್ಚರ್ಯದ ಸಂಗತಿ. ಶ್ರೀರಂಗಪಟ್ಟಣದಲ್ಲಿ ಸುಲ್ತಾನರು ಹುತಾತ್ಮರಾದದ್ದು 1799ರ ಮೇ ತಿಂಗಳಲ್ಲಿ. ಫೋಟೊ ತೆಗೆಯುವ ವಿದ್ಯೆ ಲೋಕಕ್ಕೆ ತಿಳಿದದ್ದು 1839ರಲ್ಲಿ. ನಡುವೆ ನಲವತ್ತು ವರ್ಷಗಳ ಅಂತರ. ಹಾಗಾಗಿ ನಮ್ಮ ಕಣ್ಣ ಮುಂದಿರುವ ಟಿಪ್ಪು ಚಿತ್ರಕಾರರ ಟಿಪ್ಪು. ಆ ಚಿತ್ರಕಾರರಲ್ಲಿ ಹಲವರು ಅವರನ್ನು ಕಣ್ಣಾರೆ ಕಂಡವರೂ ಅಲ್ಲ. ಆದರೆ ಕೊನೆಯ ಮೊಗಲ್ ಬಾದಷಹರ ಮುಖವನ್ನು ನಾವು ಫೋಟೊದಲ್ಲಿ ನೋಡಬಹುದು. ಮಿರ್ಝಾ ಗಾಲಿಬರ ಮುಖವನ್ನೂ, ಸರ್ ಸಯ್ಯದ್ ಅಹ್ಮದ್ ಖಾನರ ಮುಖವನ್ನೂ ನೋಡಬಹುದು.

ಹಳೆಯ ಫೋಟೊ ಒಂದು ಕೈಗೆ ಬಂದಾಗ ನಾವು ಕೇಳುವುದು 'ಇವರು ಯಾರು?' ಎಂದಷ್ಟೆ. ಇನ್ನೆರಡು ಪ್ರಶ್ನೆಗಳನ್ನೂ ಕೇಳಬೇಕೆಂದು ನನಗನ್ನಿಸುತ್ತದೆ. ಇವರು ತಾವಾಗಿ ಕುಳಿತರೋ, ಕೂರಿಸಲ್ಪಟ್ಟರೋ? ಚಿತ್ರದ ಕೆಳಗಿನ ಬರಹ ಬರೆದವರು ಯಾರು? ಹತ್ತೊಂಬತ್ತನೆಯ ಶತಮಾನದ ಕೆಲವು ಚಿತ್ರಗಳನ್ನು ಈ ಪ್ರಶ್ನೆಗಳೊಂದಿಗೆ ನಿಮ್ಮ ಮುಂದಿಡುತ್ತೇನೆ.

ಬೆಳ್ಳಿಯ ತಗಡು, ಕಬ್ಬಿಣದ ಆಸರೆ

ಕತ್ತಲೆ ಕೋಣೆಯ ಗೋಡೆಯಲ್ಲಿ ಸಣ್ಣದೊಂದು ರಂಧ್ರವಿದ್ದರೆ ಹೊರಗಿನ ದೃಶ್ಯ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈತಮ್ ಸಾವಿರ ವರ್ಷಗಳ ಹಿಂದೆ ಇಂತಹ ರಂಧ್ರದ ಮೂಲಕ ಬರುವ ಬೆಳಕನ್ನು ಕ್ರಮವಾಗಿ ಪರೀಕ್ಷಿಸಿದರು. ಗ್ರಹಣದ ಸೂರ್ಯನ ಬಿಂಬ ಹೇಗೆ ಮೂಡುತ್ತದೆಂದು ವಿವರಿಸಿದರು. ನಮ್ಮ ಭಾಷಣಗಳಲ್ಲಿ ಅವರು ಕ್ಯಾಮರಾವನ್ನೇ ಕಂಡುಹಿಡಿದರು ಎಂದು ಹೇಳಿಬಿಡುವವರಿದ್ದಾರೆ. ಅದು ಸರಿಯಲ್ಲ. ಅವರು ಬೆಳಕಿನ ನಡೆಯನ್ನು ತಿಳಿಸಿಕೊಟ್ಟರು, ಅದೇ ದೊಡ್ಡ ಮಾತು. ಗೋಡೆಯ ಮೇಲೆ ಮೂಡಿದ ಬಿಂಬ ಬೆಳಕು ಹೋದೊಡನೆ ಮಾಯವಾಗುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಲು ರಸಾಯನವಿದ್ಯೆ ಬೇಕಾಯಿತು, ಅದಕ್ಕೆ ಇನ್ನೂ ಎಂಟು ಶತಮಾನ ಕಾಯಬೇಕಾಯಿತು.

ಪ್ಯಾರಿಸ್‌ನ ಲೂಯಿ ಡಗೇರ್ ಎಂಬವರ ವಿಧಾನ 1839ರ ಜನವರಿಯಲ್ಲಿ ಪ್ರಕಟವಾಯಿತು. ಅದೇ ಆಗಸ್ಟ್ 19ರಂದು ಅದರ ಪೂರ್ಣ ವಿವರವನ್ನು ಬಹಿರಂಗಪಡಿಸಲಾಯಿತು. ಬೆಳ್ಳಿ ಹೊದಿಸಿದ ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಿ ಹೊಳೆಯಿಸಬೇಕು. ಅಯೋಡಿನ್ ಆವಿಗೆ ಹಿಡಿಯಬೇಕು. ಕ್ಯಾಮರಾದ ಪೆಟ್ಟಿಗೆಯೊಳಗಿಟ್ಟು ಬೆಳಕು ಬೀಳಿಸಬೇಕು. ಆಮೇಲೆ ಕಾಯಿಸಿದ ಪಾದರಸದ ಆವಿಗೆ ಹಿಡಿದರೆ ಬೆಳಕು ತಾಗಿದ ಕಡೆಯಲ್ಲೆಲ್ಲ ಚಿತ್ರ ಮೂಡುತ್ತದೆ. ಕೊನೆಗೆ ದ್ರಾವಣದಲ್ಲಿ ತೊಳೆದು ಅದನ್ನು ಸ್ಥಿರಗೊಳಿಸಬೇಕು. ಪಾದರಸದ ಆವಿ ಎಂತಹ ವಿಷವೆಂಬುದು ಇಂದಿನ ವಿಜ್ಞಾನ ವಿದ್ಯಾರ್ಥಿಗಳಿಗೆ ಗೊತ್ತು. ಅಂದಿನ ಫೋಟೊಗ್ರಾಫರರು ಅದನ್ನು ದಿನವೂ ಉಸಿರಾಡಿದರು.

ಡಗೇರ್ 1838ರಲ್ಲೇ ತಮ್ಮ ಕಿಟಕಿಯಿಂದ ಪ್ಯಾರಿಸ್‌ನ ಒಂದು ದೊಡ್ಡ ಬೀದಿಯ ಚಿತ್ರ ತೆಗೆದಿದ್ದರು. ಜನಜಂಗುಳಿಯ ಬೀದಿ ಅದು. ಚಿತ್ರದಲ್ಲಿ ಮಾತ್ರ ಬರಿದಾಗಿ ಕಾಣುತ್ತದೆ. ತಗಡಿಗೆ ಬೆಳಕು ತಾಗಲು ನಿಮಿಷಗಳೇ ಬೇಕಿದ್ದುದರಿಂದ ನಡೆದು ಹೋದವರು, ಓಡಿದ ಕುದುರೆಗಾಡಿಗಳು ಯಾವುವೂ ಅಚ್ಚಾಗಲಿಲ್ಲ. ಒಬ್ಬ ಮನುಷ್ಯ ಮಾತ್ರ ಉಳಿದ. ಅವನು ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳಲು ಕಾಲು ಮುಂದೆ ಚಾಚಿ ಅಲುಗಾಡದೆ ನಿಂತಿದ್ದ. ಪಾಲಿಷ್ ಹಾಕುತ್ತಿದ್ದವನೂ ಮಸುಕಾಗಿ ಕಾಣುತ್ತಾನೆ. ಫೋಟೊದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರೆಂದು ಇವರನ್ನೇ ಸಾಮಾನ್ಯವಾಗಿ ತೋರಿಸುತ್ತಾರೆ. ಅವರಿಗೆ ಅದು ತಿಳಿದೂ ಇರಲಿಲ್ಲ, ಅವರ ಹೆಸರು ಯಾರಿಗೂ ತಿಳಿಯಲೂ ಇಲ್ಲ.

ಇದಕ್ಕೆ ತದ್ವಿರುದ್ಧವಾದ ಚಿತ್ರ ಅಮೆರಿಕದ ಫಿಲಡೆಲ್ಫಿಯಾದಲ್ಲಿ 1839ರ ಕೊನೆಯ ತಿಂಗಳುಗಳಲ್ಲಿ ಸಿದ್ಧವಾಯಿತು. ರಾಬರ್ಟ್ ಕಾರ್ನೀಲಿಯಸ್ ಎಂಬ ಯುವಕನ ಮನೆತನದ್ದು ದೀಪ ಮತ್ತು ಲೋಹದ ಸಾಮಾನಿನ ವ್ಯಾಪಾರ. ತಗಡಿಗೆ ಬೆಳ್ಳಿ ಹೊದಿಸುವ ಕೆಲಸ ಅವನಿಗೆ ಗೊತ್ತಿತ್ತು. ಅಂಗಡಿಯ ಹಿಂದಿನ ಬಯಲಿನಲ್ಲಿ ಕ್ಯಾಮರಾ ಇಟ್ಟು, ತಾನೇ ಅದರ ಮುಂದೆ ಹೋಗಿ ನಿಂತ. ಕೆದರಿದ ಕೂದಲು, ಕಟ್ಟಿಕೊಂಡ ಕೈ. ಚಿತ್ರದ ನಡುವಿಗೆ ಸರಿಯಾಗಿ ನಿಲ್ಲಲೂ ಆಗಿಲ್ಲ. ಆದರೂ ಆ ಮುಖದಲ್ಲಿ ತಾನಾಗಿ ಬಂದು ನಿಂತವನ ಧೈರ್ಯವಿದೆ. ಉಳಿದು ಬಂದಿರುವ ಭಾವಚಿತ್ರಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಅದು ಸೇರುತ್ತದೆ.

ಮರುವರ್ಷವೇ ನ್ಯೂಯಾರ್ಕಿನಲ್ಲಿ, 1841ರಲ್ಲಿ ಲಂಡನ್ನಿನಲ್ಲಿ ಫೋಟೊ ತೆಗೆಯುವ ಸ್ಟುಡಿಯೊಗಳು ಬಾಗಿಲು ತೆರೆದವು. ವಿಯೆನ್ನಾದ ಗಣಿತಜ್ಞ ಪೆಟ್ಜ್‌ವಾಲ್ 1840ರಲ್ಲಿ ಹೆಚ್ಚು ಬೆಳಕು ಒಳಬಿಡುವ ಮಸೂರ ರೂಪಿಸಿದರು. ರಸಾಯನದಲ್ಲೂ ಸುಧಾರಣೆಯಾಗಿ, ನಿಮಿಷಗಟ್ಟಲೆ ಕೂರಬೇಕಿದ್ದದ್ದು ಸೆಕೆಂಡುಗಳಿಗೆ ಇಳಿಯಿತು. ಆದರೂ ಅಷ್ಟು ಹೊತ್ತು ಅಲುಗಾಡದೆ ಕೂರುವುದು ಸುಲಭವೇ? ನೀವೇ ಒಮ್ಮೆ ಪ್ರಯತ್ನಿಸಿ ನೋಡಿ. ಅದಕ್ಕಾಗಿ ಕುರ್ಚಿಯ ಹಿಂದೆ ಕಬ್ಬಿಣದ ಕಂಬ ನಿಲ್ಲಿಸಿ ಅದರ ಕವಲಿನಲ್ಲಿ ತಲೆಯ ಹಿಂಭಾಗವನ್ನು ಹಿಡಿದಿಡುತ್ತಿದ್ದರು. ಹಳೆಯ ಫೋಟೊಗಳಲ್ಲಿ ನಗುವಿಲ್ಲದ, ಬಿಗಿದ ಮುಖಗಳೇ ಕಾಣುವುದಕ್ಕೆ ಇದೂ ಒಂದು ಕಾರಣ. ಅವರೆಲ್ಲ ಕಠಿಣ ಸ್ವಭಾವದವರೆಂದು ತಿಳಿಯಬಾರದು!

ಡಗೇರ್ ತಗಡಿನಿಂದ ದೊರೆಯುತ್ತಿದ್ದುದು ಒಂದೇ ಪ್ರತಿ. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಗಾಜಿನ ಹಲಗೆಯ ವಿಧಾನದಿಂದ ಒಂದೇ ನೆಗೆಟಿವ್‌ನಿಂದ ಬೇಕಾದಷ್ಟು ಕಾಗದದ ಪ್ರತಿ ತೆಗೆಯುವುದು ಸಾಧ್ಯವಾಯಿತು. ಪ್ಯಾರಿಸ್‌ನ ಡಿಸ್ಡೇರಿ 1854ರಲ್ಲಿ ಒಂದೇ ಗಾಜಿನ ಮೇಲೆ ಹಲವು ಚಿಕ್ಕ ಚಿತ್ರ ತೆಗೆಯುವ ಉಪಾಯಕ್ಕೆ ಹಕ್ಕುಪತ್ರ ಪಡೆದರು. ಭೇಟಿಚೀಟಿಯ ಅಳತೆಯ ಆ ಫೋಟೊಗಳು ಅಗ್ಗವಾದವು. ರಾಜರಿಗೂ ಶ್ರೀಮಂತರಿಗೂ ಮೀಸಲಾಗಿದ್ದ ಭಾವಚಿತ್ರ ಅಂಗಡಿಕಾರನ ಮನೆಗೂ ಬಂತು.

ಭಾರತವೂ ಹಿಂದೆ ಬೀಳಲಿಲ್ಲ. ಕ್ಯಾಮರಾಗಳು ಬೇಗನೆ ಕಲ್ಕತ್ತೆಯನ್ನು ತಲುಪಿದವು. ಬೊಂಬಾಯಿಯಲ್ಲಿ 1854ರಲ್ಲಿ, ಕಲ್ಕತ್ತೆ ಮತ್ತು ಮದರಾಸಿನಲ್ಲಿ 1856ರಲ್ಲಿ ಫೋಟೊಗ್ರಫಿಯ ಸಂಘಗಳು ಹುಟ್ಟಿದವು. ಮುಸ್ಲಿಮ್ ವಿದ್ವಾಂಸರ ನಡುವೆ ಇದರ ಬಗ್ಗೆ ಚರ್ಚೆಯೂ ನಡೆಯಿತು. ಜೀವಿಗಳ ಚಿತ್ರ ಬರೆಯುವುದಕ್ಕಿರುವ ನಿಷೇಧ ಇದಕ್ಕೂ ಅನ್ವಯಿಸುತ್ತದೆ ಎಂದವರಿದ್ದರು. ಇದು ಮನುಷ್ಯನ ಕೈ ರಚಿಸಿದ್ದಲ್ಲ, ಕನ್ನಡಿಯ ಬಿಂಬವನ್ನು ಹಿಡಿದು ನಿಲ್ಲಿಸಿದ್ದಷ್ಟೇ ಎಂದವರೂ ಇದ್ದರು. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎರಡನೆಯ ವಾದದ ಪರವಾಗಿ ಬರೆದರು. ಆ ಚರ್ಚೆ ಇಲ್ಲಿನ ವಿಷಯವಲ್ಲ. ಚರ್ಚೆ ನಡೆಯುತ್ತಿರುವಾಗಲೇ ಮುಸ್ಲಿಮರು ಕ್ಯಾಮರಾದ ಮುಂದೆಯೂ ಇದ್ದರು, ಹಿಂದೆಯೂ ಇದ್ದರು ಎಂಬುದಷ್ಟೇ ಇಲ್ಲಿ ಮುಖ್ಯ.

ಲಖನೌದ ಛೋಟೇ ಮಿಯಾ

ಹಾಗೆ ಕ್ಯಾಮರಾದ ಹಿಂದೆ ನಿಂತವರಲ್ಲಿ ಲಖನೌದ ಅಹ್ಮದ್ ಅಲಿ ಖಾನ್ ಒಬ್ಬರು. ಜನ ಅವರನ್ನು ಛೋಟೇ ಮಿಯಾ ಎಂದು ಕರೆಯುತ್ತಿದ್ದರು. ಅವರು ಹುಸೇನಾಬಾದ್ ಇಮಾಂಬಾಡದ ದರೋಗಾ ಆಗಿದ್ದರು, ವಾಸ್ತುಶಿಲ್ಪವನ್ನೂ ಬಲ್ಲವರು. ಅವಧದ ನವಾಬ ವಾಜಿದ್ ಅಲಿ ಷಾ ಅವರ ಕಾಲ ಅದು. 1855ರಲ್ಲಿ ಛೋಟೇ ಮಿಯಾ ತೆಗೆದ ಅವಧದ ಬೇಗಮರೊಬ್ಬರ ಚಿತ್ರ ಉಳಿದುಬಂದಿದೆ. ಪರದೆಯ ಒಳಗಿನ ಲೋಕಕ್ಕೆ ಕ್ಯಾಮರಾ ಎಷ್ಟು ಬೇಗ ಕಾಲಿಟ್ಟಿತು ಎಂಬುದಕ್ಕೆ ಅದು ಸಾಕ್ಷಿ.

1856ರ ಫೆಬ್ರವರಿಯಲ್ಲಿ ಕಂಪನಿ ಸರಕಾರ ಅವಧವನ್ನು ನುಂಗಿತು. ನವಾಬರು ಲಖನೌ ಬಿಟ್ಟು ಕಲ್ಕತ್ತೆಯ ಮಟಿಯಾ ಬುರ್ಜ್ ಸೇರಿದರು. ಅವರ ಜಾಗಕ್ಕೆ ಬಂದ ಇಂಗ್ಲಿಷ್ ಅಧಿಕಾರಿಗಳು, ಅವರ ಹೆಂಡತಿ ಮಕ್ಕಳು ಛೋಟೇ ಮಿಯಾರ ಬಳಿಗೆ ಫೋಟೊ ತೆಗೆಸಲು ಬರತೊಡಗಿದರು. ಅವರು ಹಣ ಕೇಳದೆ ಚಿತ್ರ ತೆಗೆದುಕೊಡುತ್ತಿದ್ದರೆಂಬ ಮಾತು ಆಗ ಲಖನೌದಲ್ಲಿದ್ದ ಇಂಗ್ಲಿಷರ ನೆನಪಿನ ಬರಹಗಳಲ್ಲೇ ಬರುತ್ತದೆ. ತನ್ನ ದೊರೆಯನ್ನು ಊರು ಬಿಡಿಸಿದವರನ್ನು ಕುರ್ಚಿಯ ಮೇಲೆ ಕೂರಿಸಿ, ಬೆಳಕು ಸರಿಪಡಿಸಿ, ಅಲುಗಾಡಬೇಡಿ ಎಂದು ಹೇಳುವಾಗ ಆ ಮನುಷ್ಯನ ಮನಸ್ಸಿನಲ್ಲಿ ಏನಿತ್ತೋ!

ಒಂದೇ ವರ್ಷದಲ್ಲಿ ಎಲ್ಲವೂ ಬದಲಾಯಿತು. 1857ರ ಜೂನ್ 30ರಿಂದ ನವೆಂಬರ್‌ವರೆಗೆ ಲಖನೌದ ರೆಸಿಡೆನ್ಸಿಗೆ ಮುತ್ತಿಗೆ ಬಿತ್ತು. ಒಳಗೆ ಸಿಕ್ಕಿಬಿದ್ದ ಸುಮಾರು ಮೂರು ಸಾವಿರ ಜನರಲ್ಲಿ ಬಹಳ ಮಂದಿ ಗುಂಡಿನಿಂದ, ಕಾಲರಾದಿಂದ, ಸಿಡುಬಿನಿಂದ ಸತ್ತರು. ಛೋಟೇ ಮಿಯಾರ ಮುಂದೆ ಕುಳಿತು ಫೋಟೊ ತೆಗೆಸಿಕೊಂಡಿದ್ದ ಹೆಂಗಸರು ಮಕ್ಕಳೂ ಅವರಲ್ಲಿದ್ದರು. ಇಂಗ್ಲೆಂಡಿನಲ್ಲಿದ್ದ ಬಂಧುಗಳ ಪಾಲಿಗೆ ಆ ಚಿತ್ರಗಳೇ ಕೊನೆಯ ನೆನಪು. ಇತ್ತ ಛೋಟೇ ಮಿಯಾ ಮುತ್ತಿಗೆ ಹಾಕಿದವರ ಪಕ್ಷದಲ್ಲಿದ್ದರೆಂದು ಅದೇ ಇಂಗ್ಲಿಷರ ಬರಹಗಳು ಹೇಳುತ್ತವೆ. ಆ ಭಾವಚಿತ್ರಗಳ ಆಲ್ಬಮ್ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಪುಟಗಳಲ್ಲಿ ದ್ವೇಷ ಕಾಣುವುದಿಲ್ಲ. ತಾಯಿಯ ಮಡಿಲಲ್ಲಿ ಅಲುಗಾಡಿ ಮಸುಕಾದ ಮಗುವಿನ ಮುಖ ಎಲ್ಲ ದೇಶದಲ್ಲೂ ಒಂದೇ ತರಹ.

ಲಖನೌ ಮತ್ತೆ ಇಂಗ್ಲಿಷರ ವಶವಾದ ಮೇಲೆ, 1858ರ ಮಾರ್ಚಿನಲ್ಲಿ, ಫೆಲಿಚೆ ಬೆಯಾಟೊ ಎಂಬ ಯುದ್ಧ ಫೋಟೊಗ್ರಾಫರ್ ಅಲ್ಲಿಗೆ ಬಂದರು. ಸಿಕಂದರ್ ಬಾಗ್‌ನಲ್ಲಿ ಹಿಂದಿನ ನವೆಂಬರಿನಲ್ಲಿ ಸುಮಾರು ಎರಡು ಸಾವಿರ ಭಾರತೀಯ ಸಿಪಾಯಿಗಳು ಹತರಾಗಿದ್ದರು. ಬೆಯಾಟೊ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಒಡೆದ ಕಟ್ಟಡದ ಮುಂದೆ ಅವರ ತಲೆಬುರುಡೆಗಳೂ ಎಲುಬುಗಳೂ ಹರಡಿಕೊಂಡಿವೆ. ಚಿತ್ರಕ್ಕಾಗಿಯೇ ಅವನ್ನು ಹೊರತೆಗೆಸಲಾಗಿತ್ತೆಂದು ಇಂಗ್ಲಿಷ್ ಅಧಿಕಾರಿಯೊಬ್ಬರೇ ಬರೆದಿಟ್ಟಿದ್ದಾರೆ. ಲಖನೌದ ಎರಡು ಬಗೆಯ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಭಾರತೀಯನ ಕ್ಯಾಮರಾದಲ್ಲಿ ಇಂಗ್ಲಿಷರಿಗೆ ಮುಖ ಸಿಕ್ಕಿತು. ಗೆದ್ದವರೊಂದಿಗೆ ಬಂದ ಕ್ಯಾಮರಾದಲ್ಲಿ ಭಾರತೀಯರಿಗೆ ಸಿಕ್ಕಿದ್ದು ಎಲುಬು.

ಬಾದಷಹರ ಮಂಚ

ಇದೇ 1858ರಲ್ಲಿ ದೆಹಲಿಯಲ್ಲಿ ಇನ್ನೊಂದು ಚಿತ್ರ ಸಿದ್ಧವಾಯಿತು. ಅದನ್ನು ನೋಡುವ ಮೊದಲು ಅದಕ್ಕಿಂತ ಇಪ್ಪತ್ತು ವರ್ಷ ಹಿಂದಿನ ವರ್ಣಚಿತ್ರವೊಂದನ್ನು ನೆನಪಿಸಿಕೊಳ್ಳಬೇಕು. ಬಹದ್ದೂರ್ ಷಾ ಝಫರ್ 1837ರಲ್ಲಿ ಪಟ್ಟಕ್ಕೆ ಬಂದಾಗ ಆಸ್ಥಾನದ ಚಿತ್ರಕಾರ ಗುಲಾಮ್ ಅಲಿ ಖಾನ್ ಅವರನ್ನು ಸಿಂಹಾಸನದ ಮೇಲೆ ಚಿತ್ರಿಸಿದರು. ರತ್ನಖಚಿತ ಉಡುಪು, ತಲೆಯ ಸುತ್ತ ಹೊಂಬಣ್ಣದ ಪ್ರಭೆ, ಸೇವೆಯಲ್ಲಿ ಮಕ್ಕಳು. ಆಗಲೇ ಅವರ ಅಧಿಕಾರ ಕೆಂಪುಕೋಟೆಯ ಗೋಡೆಗಳನ್ನು ದಾಟುತ್ತಿರಲಿಲ್ಲ. ಆದರೂ ಚಿತ್ರದಲ್ಲಿ ಅವರು ಅಕ್ಬರ್, ಷಹಜಹಾನರ ವಾರಸುದಾರರು. ಹೇಗೆ ಕಾಣಬೇಕೆಂಬುದು ಅಲ್ಲಿ ಬಾದಷಹರ ಇಷ್ಟ.

1857ರ ಸೆಪ್ಟೆಂಬರ್ 21ರಂದು ಹುಮಾಯೂನರ ಗೋರಿಯ ಬಳಿ ಝಫರ್ ಸೆರೆಯಾದರು. ಮರುದಿನ ಅವರ ಇಬ್ಬರು ಮಕ್ಕಳನ್ನೂ ಒಬ್ಬ ಮೊಮ್ಮಗನನ್ನೂ ಮೇಜರ್ ಹಾಡ್ಸನ್ ಗುಂಡಿಟ್ಟು ಕೊಂದರು. ಎಂಬತ್ತು ದಾಟಿದ ವೃದ್ಧರನ್ನು ಅವರದೇ ಅರಮನೆಯ ಆವರಣದಲ್ಲಿ ಕೈದಿಯಾಗಿ ಇಡಲಾಯಿತು. ದೆಹಲಿಗೆ ಬಂದ ಇಂಗ್ಲಿಷರೆಲ್ಲ ಮೃಗಾಲಯಕ್ಕೆ ಹೋಗುವಂತೆ ಅವರನ್ನು ನೋಡಲು ಹೋಗುತ್ತಿದ್ದರು. ಲಂಡನ್ನಿನ ಟೈಮ್ಸ್ ಪತ್ರಿಕೆಯ ವರದಿಗಾರ ರಸೆಲ್ ಕೂಡ ಹೋಗಿ ನೋಡಿ ಬರೆದರು. 1858ರ ಜನವರಿ 27ರಿಂದ ಮಾರ್ಚ್ 9ರವರೆಗೆ ದಿವಾನೆ ಖಾಸ್‌ನಲ್ಲಿ, ಎಂದರೆ ಅವರ ಹಿರಿಯರು ದರ್ಬಾರು ನಡೆಸಿದ ಸಭಾಂಗಣದಲ್ಲೇ, ಅವರ ಮೇಲೆ ವಿಚಾರಣೆ ನಡೆಯಿತು.

ಆ ವರ್ಷದ ಮೇ ತಿಂಗಳಿನದೆಂದು ಹೇಳಲಾಗುವ ಫೋಟೊ ಅದು. ರಾಬರ್ಟ್ ಟೈಟ್ಲರ್ ಮತ್ತು ಚಾರ್ಲ್ಸ್ ಶೆಫರ್ಡ್ ತೆಗೆದದ್ದೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ವೃದ್ಧರೊಬ್ಬರು ಮಂಚದ ಮೇಲೆ ದಿಂಬಿಗೆ ಒರಗಿದ್ದಾರೆ. ಕೈಯಲ್ಲಿ ಹುಕ್ಕಾದ ನಳಿಕೆ. ಬಿಳಿ ಗಡ್ಡ, ಗುಳಿಬಿದ್ದ ಕೆನ್ನೆ. ಕಣ್ಣು ನೇರವಾಗಿ ಕ್ಯಾಮರಾದ ಕಡೆಗಿದೆ. ಬಾಬರ್‌ನಿಂದ ಮೊದಲ್ಗೊಂಡು ಮೂರು ಶತಮಾನಗಳ ಬಾದಷಹರಲ್ಲಿ ಫೋಟೊದಲ್ಲಿ ಉಳಿದ ಮುಖ ಇದೊಂದೇ. ಆ ಒಂದು ಮುಖವೂ ಸೆರೆಯಾಳಿನದು.

ಈ ಚಿತ್ರವನ್ನು ನಮ್ಮ ಪುಸ್ತಕಗಳಲ್ಲಿ ಎಷ್ಟೋ ಬಾರಿ ಅಚ್ಚು ಹಾಕಿದ್ದೇವೆ. ಕರುಣೆಯಿಂದ ನೋಡುತ್ತೇವೆ. ನಿಜ, ಆದರೆ ತೆಗೆದವರ ಉದ್ದೇಶ ಕರುಣೆಯಾಗಿರಲಿಲ್ಲ. ಮೊಗಲರ ಕಥೆ ಮುಗಿಯಿತು ಎಂಬುದಕ್ಕೆ ಪುರಾವೆ ಬೇಕಾಗಿತ್ತು. ಕೈದಿಗೆ ಬೇಡ ಎನ್ನುವ ಅವಕಾಶ ಎಲ್ಲಿ? ಆದರೂ ನನಗೊಂದು ಸಂಗತಿ ಎದ್ದು ಕಾಣುತ್ತದೆ. ಗುಲಾಮ್ ಅಲಿ ಖಾನರ ವರ್ಣಚಿತ್ರದಲ್ಲಿ ಇರುವುದು ಬಾದಷಹ. ಈ ಫೋಟೊದಲ್ಲಿ ಇರುವುದು ಗಝಲ್ ಬರೆದ, ಮಕ್ಕಳನ್ನು ಕಳೆದುಕೊಂಡ ಒಬ್ಬ ಮನುಷ್ಯ. ಅವಮಾನಿಸಲು ತಂದ ಕ್ಯಾಮರಾ ಆ ಮನುಷ್ಯನನ್ನು ನಮಗೆ ಉಳಿಸಿಕೊಟ್ಟಿತು. ಅಕ್ಟೋಬರಿನಲ್ಲಿ ಅವರನ್ನು ದೆಹಲಿಯಿಂದ ರಂಗೂನಿಗೆ ಸಾಗಿಸಿದರು. 1862ರ ನವೆಂಬರ್ 7ರಂದು ಅಲ್ಲೇ ತೀರಿಕೊಂಡರು.

ಅವರ ಆಸ್ಥಾನದ ಕವಿ ಗಾಲಿಬ್ ದೆಹಲಿಯಲ್ಲೇ ಉಳಿದಿದ್ದರು. ಗಾಲಿಬರದೂ ಒಂದು ಫೋಟೊ ಇದೆ, 1868ರದೆಂದು ಹೇಳುತ್ತಾರೆ. ಎತ್ತರದ ಟೊಪ್ಪಿ, ಮುದಿತನದಲ್ಲಿ ಕುಗ್ಗಿದ ದೇಹ. ಮರುವರ್ಷ ಫೆಬ್ರವರಿಯಲ್ಲಿ ಅವರು ಕಣ್ಮುಚ್ಚಿದರು.

ಇಂಡಿಯಾ ಆಫೀಸಿನ ಪುಸ್ತಕ

ಗಾಲಿಬರು ತೀರಿಕೊಂಡ ಅದೇ 1869ರ ಏಪ್ರಿಲ್‌ನಲ್ಲಿ ಅವರ ಪರಿಚಿತರೊಬ್ಬರು ಇಂಗ್ಲೆಂಡಿಗೆ ಹೊರಟರು. ಅವರೇ ಸರ್ ಸಯ್ಯದ್ ಅಹ್ಮದ್ ಖಾನ್. ಜೊತೆಗೆ ಮಕ್ಕಳಾದ ಸಯ್ಯದ್ ಹಾಮಿದ್ ಮತ್ತು ಸಯ್ಯದ್ ಮಹಮೂದ್. ವಿದ್ಯಾರ್ಥಿವೇತನ ಪಡೆದಿದ್ದ ಮಹಮೂದ್ ಕೇಂಬ್ರಿಜ್‌ನಲ್ಲಿ ಓದಬೇಕಿತ್ತು.

ಚಿತ್ರದ ಶಕ್ತಿ ಸರ್ ಸಯ್ಯದರಿಗೆ ಹೊಸದಲ್ಲ. ದೆಹಲಿಯ ಹಳೆಯ ಕಟ್ಟಡಗಳನ್ನು ಕುರಿತು ಅವರು 1847ರಲ್ಲಿ ಪ್ರಕಟಿಸಿದ 'ಆಸಾರುಸ್ಸನಾದೀದ್' ಗ್ರಂಥದಲ್ಲಿ ನೂರಕ್ಕೂ ಹೆಚ್ಚು ರೇಖಾಚಿತ್ರಗಳಿದ್ದವು. ಅದಕ್ಕಾಗಿ ಕುತುಬ್ ಮಿನಾರಿನ ಎತ್ತರದ ಶಾಸನಗಳನ್ನು ನಕಲು ಮಾಡಲು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಕುಳಿತು ನೇತಾಡಿದವರು ಅವರು. 1857ರ ನಂತರ ಆ ಗ್ರಂಥದ ಎಷ್ಟೋ ಕಟ್ಟಡಗಳು ನೆಲಸಮವಾಗಿ, ಅವುಗಳ ಚಿತ್ರ ಮಾತ್ರ ಉಳಿದವು.

ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು 'ದಿ ಪೀಪಲ್ ಆಫ್ ಇಂಡಿಯಾ' ಎಂಬ ದೊಡ್ಡ ಗ್ರಂಥ. ಇದರ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು. ಗವರ್ನರ್ ಜನರಲ್ ಕ್ಯಾನಿಂಗ್ ಮತ್ತು ಅವರ ಪತ್ನಿ ತವರಿಗೆ ಒಯ್ಯಲೆಂದು ಭಾರತದ ಜನರ ಫೋಟೊ ಸಂಗ್ರಹಿಸತೊಡಗಿದ್ದರು. 1857ರ ಬಳಿಕ ಅದು ಸರಕಾರಿ ಕೆಲಸವಾಯಿತು. ತಾವು ಆಳುತ್ತಿರುವ ಜನ ಯಾರೆಂದು ತಮಗೆ ತಿಳಿದಿರಲಿಲ್ಲವೆಂಬ ಭಯ ಅದರ ಹಿಂದಿತ್ತು. ಜಾನ್ ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಸಂಪಾದಕರಾಗಿ 1868ರಿಂದ 1875ರವರೆಗೆ ಎಂಟು ಸಂಪುಟಗಳು ಹೊರಬಂದವು. ಒಳಗೆ ನಾನೂರೈವತ್ತಕ್ಕೂ ಹೆಚ್ಚು ಫೋಟೊಗಳು. ಅಚ್ಚಾದದ್ದು ಇನ್ನೂರು ಪ್ರತಿ ಮಾತ್ರ, ಅದರಲ್ಲಿ ಅರ್ಧದಷ್ಟು ಸರಕಾರಿ ಬಳಕೆಗೆ. ವಿವರಣೆ ಬರೆದವರಲ್ಲಿ ನಮ್ಮ ಸುರಪುರದಲ್ಲಿ ಆಡಳಿತ ನಡೆಸಿದ್ದ ಫಿಲಿಪ್ ಮೆಡೋಸ್ ಟೇಲರ್ ಅವರೂ ಇದ್ದರು.

ಆ ಸಂಪುಟಗಳಲ್ಲಿ ಬಹುತೇಕ ಮನುಷ್ಯರಿಗೆ ಹೆಸರಿಲ್ಲ. ಹೆಸರಿನ ಜಾಗದಲ್ಲಿ ಜಾತಿ, ಬುಡಕಟ್ಟು, ಕಸುಬು, ಊರು. ಪಕ್ಕದ ಬರಹದಲ್ಲಿ ಈ ಜಾತಿ ನಂಬಿಕಸ್ಥ, ಈ ಜಾತಿ ಕಳ್ಳತನದ್ದು, ಇವರು ದಂಗೆಯಲ್ಲಿ ಹೀಗೆ ನಡೆದುಕೊಂಡರು ಎಂಬಂಥ ಮಾತುಗಳು. ಒಬ್ಬ ಮುಸ್ಲಿಮ್ ವ್ಯಕ್ತಿಯ ಚಿತ್ರಕ್ಕೆ ಬರೆದ ವಿವರಣೆಯಲ್ಲಿ ಹಟಮಾರಿತನ, ಅಜ್ಞಾನ, ಮತಾಂಧತೆ ಎಲ್ಲವೂ ಅವನ ಮುಖಲಕ್ಷಣದಲ್ಲೇ ಕಾಣುತ್ತವೆ ಎಂದಿದೆ! ಆ ಫೋಟೊವನ್ನು ನೀವು ನೋಡಿದರೆ ಕಾಣುವುದು ತಲೆಯ ಹಿಂದಿನ ಆಸರೆಗೆ ಒರಗಿ ಉಸಿರು ಬಿಗಿಹಿಡಿದು ಕುಳಿತ ಒಬ್ಬ ಸಾಮಾನ್ಯ ಮನುಷ್ಯ. ಬೆಳಕು ಸುಳ್ಳು ಹೇಳಿರಲಿಕ್ಕಿಲ್ಲ, ಕೆಳಗಿನ ಅಕ್ಷರ ಹೇಳಿತು.

ಈ ಪುಸ್ತಕವನ್ನು ನೋಡಿದಾಗ ಆದದ್ದನ್ನು ಸರ್ ಸಯ್ಯದರು ಅದೇ ವರ್ಷ ಲಂಡನ್ನಿನಿಂದ ಅಲೀಗಢಕ್ಕೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಭಾರತದ ಜನರನ್ನು ಅರೆಬೆತ್ತಲೆಯಾಗಿ, ಪ್ರಾಣಿಗಳಂತೆ ತೋರಿಸಿದ ಪುಟಗಳನ್ನು ಕಂಡು ಅವರು ನಾಚಿದರು. ಭಾರತಕ್ಕೆ ಅಧಿಕಾರಿಗಳಾಗಿ ಹೊರಡುವ ಯುವಕರು ಹೊರಡುವ ಮೊದಲು ನೋಡುವ ಪುಸ್ತಕ ಇದು. ಇದನ್ನು ನೋಡಿದವರ ಮನಸ್ಸಿನಲ್ಲಿ ನಮಗೆ ಯಾವ ಗೌರವ ಉಳಿದೀತು ಎಂಬುದು ಅವರ ಚಿಂತೆ. ಒಂದು ದಿನ ಸಯ್ಯದ್ ಮಹಮೂದ್ ಆ ಪುಸ್ತಕ ನೋಡುತ್ತಿದ್ದಾಗ ಅಂತಹ ಒಬ್ಬ ಇಂಗ್ಲಿಷ್ ಯುವಕ ಬಂದು ತಾನೂ ಸ್ವಲ್ಪ ಹೊತ್ತು ಪುಟ ತಿರುವಿದ. ಆಮೇಲೆ ನೀವು ಹಿಂದೂಸ್ತಾನಿಯೇ ಎಂದು ಕೇಳಿದ. ಮಹಮೂದ್ ಹೌದು ಎಂದರು. ಹಾಗೆಂದ ಮರುಕ್ಷಣ ಮುಖ ಕೆಂಪೇರಿತು. ತಾನು ಅಲ್ಲಿನ ಮೂಲನಿವಾಸಿಯಲ್ಲ, ತನ್ನ ಪೂರ್ವಿಕರು ಬೇರೆ ದೇಶದಿಂದ ಬಂದವರು ಎಂದು ಅವಸರದ ವಿವರಣೆ ಕೊಟ್ಟರು. ಹಿಂದೂಸ್ತಾನಿಗಳು ಈ ಕಳಂಕವನ್ನು ತೊಳೆದುಕೊಳ್ಳದ ಹೊರತು ಯಾವ ನಾಗರಿಕ ಜನಾಂಗವೂ ಅವರನ್ನು ಗೌರವಿಸದು ಎಂಬ ಅರ್ಥದ ಮಾತನ್ನು ಸರ್ ಸಯ್ಯದರು ಆ ಪತ್ರದಲ್ಲಿ ಸೇರಿಸಿದರು.

ಓದುಗರೇ, ಈ ಪ್ರಸಂಗವನ್ನು ಎರಡು ಬಾರಿ ಓದಬೇಕು. ಮೊದಲ ಬಾರಿ ಓದಿದಾಗ ತಂದೆ ಮಗನ ನೋವು ನಮ್ಮದೇ ಆಗುತ್ತದೆ. ಹತ್ತೊಂಬತ್ತರ ಹುಡುಗ, ಪರದೇಶದ ಗ್ರಂಥಾಲಯ, ಮುಖ ನೋಡಿ ಕೇಳಿದ ಪ್ರಶ್ನೆ. ಈಗಲೂ ನಮ್ಮ ಮಕ್ಕಳು ಹೊರಗೆ ಓದಲು ಹೋದಾಗ ಇಂತಹ ಪ್ರಶ್ನೆ ಎದುರಾಗುವುದುಂಟು. ಎರಡನೆಯ ಬಾರಿ ಓದಿದಾಗ ಇನ್ನೊಬ್ಬನ ನೆನಪಾಗುತ್ತದೆ. ಆ ಪುಟದ ಮೇಲೆ ಅರೆಬೆತ್ತಲೆಯಾಗಿ ನಿಂತವನು. ಅವನ ಬಳಿ ಯಾರೂ ಒಪ್ಪಿಗೆ ಕೇಳಿರಲಿಲ್ಲ. ತನ್ನ ಚಿತ್ರ ಲಂಡನ್ನಿನ ಕಪಾಟಿನಲ್ಲಿ ಕೂತಿದೆಯೆಂದು ಅವನಿಗೆ ತಿಳಿದಿರಲಿಲ್ಲ. ಅವನಿಗಾದದ್ದೂ ಅನ್ಯಾಯವೇ. ಮಹಮೂದ್ ತನ್ನ ಮಾನ ಉಳಿಸಿಕೊಳ್ಳಲು ಅವನಿಂದ ಎರಡು ಹೆಜ್ಜೆ ದೂರ ಸರಿದರು. ಹಿರಿಯರನ್ನು ಗೌರವಿಸುತ್ತಲೇ ಹೇಳುತ್ತೇನೆ: ಪುಸ್ತಕ ಮಾಡಿದ ಗೆರೆಯನ್ನು ಆ ಉತ್ತರ ಅಳಿಸಲಿಲ್ಲ, ತನ್ನನ್ನು ಗೆರೆಯ ಈಚೆಗೆ ತಂದುಕೊಂಡಿತು ಅಷ್ಟೆ. ಆ ವಯಸ್ಸಿನಲ್ಲಿ, ಆ ಜಾಗದಲ್ಲಿ ನಾನಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆನೆಂದು ಎದೆ ತಟ್ಟಿ ಹೇಳಲಾರೆ.

ಸರ್ ಸಯ್ಯದರು 1870ರಲ್ಲಿ ಮರಳಿ ಬಂದರು. ಅಲೀಗಢದ ಶಾಲೆ 1875ರಲ್ಲಿ ಆರಂಭವಾಯಿತು. ಅದು ಒಂದು ಪುಸ್ತಕ ನೋಡಿದ್ದರಿಂದಲೇ ಹುಟ್ಟಿತು ಎಂದರೆ ಅತಿಶಯೋಕ್ತಿ. ಆ ಯೋಚನೆ ಅವರಲ್ಲಿ ಮೊದಲೇ ಇತ್ತು, 1864ರಲ್ಲೇ ಸೈಂಟಿಫಿಕ್ ಸೊಸೈಟಿ ಕಟ್ಟಿದ್ದರು. ಮುಂದೆ ಅವರು ತಮ್ಮ ಫೋಟೊಗಳನ್ನೂ ತೆಗೆಸಿಕೊಂಡರು. ಎದೆಯ ಮೇಲೆ ಪದಕ, ತುಂಬು ಬಿಳಿ ಗಡ್ಡ, ತಲೆಯ ಮೇಲೆ ಟರ್ಕಿ ಟೊಪ್ಪಿ. ಆ ಚಿತ್ರಗಳ ಕೆಳಗೆ ಜಾತಿಯ ಹೆಸರಿಲ್ಲ, ಅವರ ಹೆಸರಿದೆ.

ಟರ್ಕಿ ಟೊಪ್ಪಿಯ ನಾಡಿನ ದೊರೆಗೂ ಇದೇ ಚಿಂತೆ ಕಾಡಿತ್ತು. ಯುರೋಪಿನ ಫೋಟೊಗ್ರಾಫರರು ಇಸ್ತಾಂಬುಲಿನಲ್ಲಿ ಹುಡುಕುತ್ತಿದ್ದುದು ಹೊರೆಯಾಳು, ದರ್ವೇಶಿ, ಬೀದಿನಾಯಿ, ಜನಾನಾದ ಹೆಸರಿನಲ್ಲಿ ಸ್ಟುಡಿಯೊದಲ್ಲಿ ಕೂರಿಸಿದ ಹೆಂಗಸು. 1876ರಿಂದ 1909ರವರೆಗೆ ಆಳಿದ ಸುಲ್ತಾನ್ ಎರಡನೆಯ ಅಬ್ದುಲ್ ಹಮೀದ್ ಇದಕ್ಕೆ ಉತ್ತರವಾಗಿ ತಾವೇ ಆಲ್ಬಮ್ ಮಾಡಿಸಿದರು. 51 ಆಲ್ಬಮ್, 1,819 ಫೋಟೊ. ಅವನ್ನು 1893ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಉಡುಗೊರೆಯಾಗಿ ಕಳುಹಿಸಿದರು. ಅಂತಹದೇ ಒಂದು ಸಂಗ್ರಹ ಲಂಡನ್ನಿಗೂ ಹೋಯಿತು. ಚಿತ್ರ ತೆಗೆದವರಲ್ಲಿ ಅಬ್ದುಲ್ಲಾ ಸೋದರರೆಂಬ ಅರ್ಮೇನಿಯನ್ ಕ್ರೈಸ್ತರು ಪ್ರಮುಖರು. ಇದೂ ದೊರೆಯ ಆಲ್ಬಮ್ಮೇ ಎಂಬುದನ್ನು ಮರೆಯಬಾರದು. ಆಸ್ಪತ್ರೆ, ಸೇತುವೆ, ಸೈನ್ಯ ಎಲ್ಲ ಅಚ್ಚುಕಟ್ಟಾಗಿವೆ, ಬಡವರ ಕೇರಿ ಹುಡುಕಿದರೂ ಸಿಗದು.

ಆದರೆ ಅದರಲ್ಲಿ ಶಾಲೆಗಳಿವೆ, ಪುಟ ಪುಟವಾಗಿ. ಸಮವಸ್ತ್ರದಲ್ಲಿ ಟೊಪ್ಪಿ ಹಾಕಿದ ಹುಡುಗರು, ವೈದ್ಯ ಕಾಲೇಜಿನವರು, ಕಾನೂನು ಓದುವವರು. ಬಾಸ್ಫರಸ್ ದಡದ ಎಮಿರ್ಗಾನ್ ಎಂಬಲ್ಲಿನ ಹೆಣ್ಣುಮಕ್ಕಳೂ ಇದ್ದಾರೆ. ನಾಲ್ಕೈದು ಮಂದಿ ಒಟ್ಟಿಗಿದ್ದು ಕ್ಯಾಮರಾವನ್ನು ನೋಡುತ್ತಿದ್ದಾರೆ. ಯಾರೂ ನಗುತ್ತಿಲ್ಲ, ಬೆದರಿಯೂ ಇಲ್ಲ. ಚಿತ್ರದ ಕೆಳಗೆ ಟರ್ಕಿಯಲ್ಲೂ ಫ್ರೆಂಚಿನಲ್ಲೂ ಬರಹವಿದೆ. ಅವರ ಹೆಸರುಗಳಿಲ್ಲ. ಎಮಿರ್ಗಾನ್ ಬಾಲಕಿಯರ ಶಾಲೆಯ ವಿದ್ಯಾರ್ಥಿನಿಯರು ಎಂದಿದೆ.